ಗೇಟಿನ ಪಕ್ಕ ಮುರಿದ ಟೊಂಗೆ

ನನಗೆ ಯಾರ ಮೇಲಾದರೂ ನಂಬಿಕೆ ಬರುವುದು ತಡ. ಮೂವತ್ತು ವರ್ಷ ಗಣಿತ ಪಾಠ ಮಾಡಿದ್ದರಿಂದ ಹೀಗಾಯಿತೋ, ಹುಟ್ಟಿನಿಂದಲೇ ಹೀಗಿದ್ದೆನೋ ಹೇಳಲಾರೆ. ಉತ್ತರಪತ್ರಿಕೆಯಲ್ಲಿ ಉತ್ತರ ಸರಿಯಿದ್ದು, ಅದಕ್ಕೆ ಬಂದ ದಾರಿ ಕಾಣದಿದ್ದರೆ ನಾನು ಮೊದಲು ತೆಗೆದು ನೋಡುತ್ತಿದ್ದುದು ಪಕ್ಕದ ಬೆಂಚಿನವರ ಪತ್ರಿಕೆಯನ್ನು. ಮನೆಯಲ್ಲೂ ಅಷ್ಟೆ. ಹಾಲು ಬೇಗ ಖಾಲಿಯಾದರೆ, ನೆರೆಯವರು ಕಾರಣವಿಲ್ಲದೆ ನಕ್ಕರೆ, ಫೋನು ಎರಡು ಸಲ ಬಡಿದು ನಿಂತರೆ, ಇದರ ಹಿಂದೆ ಏನೋ ಇದೆ ಎಂದೇ ನನಗೆ ಅನ್ನಿಸುವುದು. ನನ್ನ ಗಂಡ ನೈರೋಬಿಯ ಅಪ್ಪರ್ ಹಿಲ್‌ನ ಆಸ್ಪತ್ರೆಯೊಂದರಲ್ಲಿ ವೈದ್ಯರು. ಅವರು ಇದನ್ನು ಕಾಯಿಲೆ ಎನ್ನುವುದಿಲ್ಲ, 'ನಿನ್ನ ಡಿಪಾರ್ಟ್‌ಮೆಂಟು' ಎನ್ನುತ್ತಾರೆ. ನಾನೇನೂ ಬೇಸರ ಮಾಡಿಕೊಂಡಿರಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು.

ಕೆಲಸದಿಂದ ನಿವೃತ್ತಳಾದ ವರ್ಷ ಒಂದು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿರುವ ತಂಗಿಯ ಮನೆಗೆ ಹೋದೆ. ಅವಳು ಹತ್ತಿರದ ಊರಿನ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹಳ್ಳಿ ಎಂದರೆ ಒಂದು ಚರ್ಚು, ಒಂದು ಶಾಲೆ, ಸಂಜೆ ತೆರೆಯುವ ಒಂದು ಪಬ್ಬು, ನಲವತ್ತೋ ಐವತ್ತೋ ಮನೆ. ಮಾಡಲು ಬೇರೇನೂ ಇಲ್ಲದ್ದರಿಂದ ಅಲ್ಲಿ ಎಲ್ಲರೂ ನಡೆಯುತ್ತಾರೆ. ಮೊದಲ ದಿನ ತಂಗಿ ನನಗೊಂದು ಜೊತೆ ರಬ್ಬರ್ ಬೂಟು ಹಾಕಿಸಿ ಹೊರಡಿಸಿದಳು. ಚರ್ಚಿನ ಹಿಂದೆ ಸಣ್ಣ ಗೇಟು. ಅದನ್ನು ದಾಟಿದರೆ ಕಾಲುದಾರಿ ನೇರವಾಗಿ ಮೊಣಕಾಲೆತ್ತರದ ಗೋಧಿ ಹೊಲದ ನಡುವೆಯೇ ಹೋಗುತ್ತಿತ್ತು. ನಾನು ಅಲ್ಲೇ ನಿಂತೆ.

"ಇದು ಯಾರದೋ ಹೊಲ ಅಲ್ವೇನೆ?"

"ಹೌದು ಅಕ್ಕ, ಯಾರದೋ. ಆದ್ರೆ ದಾರಿ ಎಲ್ರದ್ದು. ಬಾ ಸುಮ್ನೆ."

ಹೋದೆ. ಆದರೆ ಆ ಹೊಲ ದಾಟುವಷ್ಟರಲ್ಲಿ ನಾಲ್ಕು ಸಲವಾದರೂ ಹಿಂದೆ ತಿರುಗಿ ನೋಡಿದ್ದೇನೆ, ಯಾರಾದರೂ ಕೋಲು ಹಿಡಿದು ಬರುತ್ತಿದ್ದಾರೆಯೇ ಎಂದು. ಇಪ್ಪತ್ತೆಂಟು ವರ್ಷ ನೈರೋಬಿಯಲ್ಲಿದ್ದವಳಿಗೆ ಇನ್ನೊಬ್ಬರ ಜಾಗ ಎಂದರೆ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲಿನವನು, ಅವನ ಪಕ್ಕ ನಾಯಿ. ಇಲ್ಲಿ ಒಂದು ಮರದ ಅಗಳಿ, ಅದಕ್ಕೂ ಬೀಗವಿಲ್ಲ. ಇಷ್ಟು ಸಲೀಸಾಗಿ ಬಿಟ್ಟಿದ್ದಾರೆಂದರೆ ಇದರಲ್ಲಿ ಏನೋ ಇದೆ ಎಂದೇ ಅಂದುಕೊಂಡೆ.

ಜನರೂ ಹಾಗೆಯೇ. ಎದುರು ಬಂದವರೆಲ್ಲ ಗುಡ್ ಮಾರ್ನಿಂಗ್ ಹೇಳುವವರೇ.

"ಇವ್ರೆಲ್ಲ ನಿಂಗೆ ಪರಿಚಯನಾ?"

"ಇಲ್ಲಪ್ಪ."

"ಮತ್ತ್ಯಾಕೆ ಮಾತಾಡಿಸ್ತಾರೆ?"

ತಂಗಿ ನಕ್ಕು ಮುಂದೆ ನಡೆದಳು. ನನಗೆ ನಗು ಬರಲಿಲ್ಲ, ಏಕೆಂದರೆ ಮೂರನೆಯ ದಿನದಿಂದ ಕಂದು ನಾಯಿ ಹಿಡಿದ ಒಬ್ಬ ಮುದುಕ ನಮ್ಮ ಹಿಂದೆಯೇ ಬರುತ್ತಿದ್ದ. ನಾವು ಹೊಳೆಯ ಕಡೆ ತಿರುಗಿದರೆ ಅವನೂ ಹೊಳೆಯ ಕಡೆ. ನಾವು ಗುಡ್ಡ ಹತ್ತಿದರೆ ಅವನೂ ಗುಡ್ಡಕ್ಕೆ. ನಾನು ಬೂಟು ಸರಿಮಾಡಿಕೊಳ್ಳುವ ನೆಪದಲ್ಲಿ ಕೂತೆ, ಅವನು ದಾಟಿ ಹೋಗಲಿ ಎಂದು. ಅವನೂ ದೂರದಲ್ಲಿ ನಿಂತ. ನಾಯಿ ಏನನ್ನೋ ಮೂಸುತ್ತಿತ್ತು, ಅಥವಾ ಮೂಸುವ ಹಾಗೆ ಮಾಡುತ್ತಿತ್ತು. ನಾಯಿಯ ಮೇಲೂ ನನಗೆ ಅನುಮಾನ ಬಂದಿತ್ತು ಎಂದರೆ ನನ್ನ ಸ್ಥಿತಿ ಗೊತ್ತಾಗಬಹುದು.

ಒಂದು ವಾರವಾದ ಮೇಲೆ ತಂಗಿಗೆ ಹೇಳಿದೆ. ಅವಳು ಮರುದಿನ ನನ್ನನ್ನು ಗಮನಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಯ ನಿಯಮವೆಂದರೆ ಹೊಲದ ಗೇಟು ಹೇಗಿತ್ತೋ ಹಾಗೆಯೇ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ ಹೋಗಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ನೈರೋಬಿಯ ಕೈಯಲ್ಲವೇ ನನ್ನದು, ಕಂಡ ಗೇಟನ್ನೆಲ್ಲ ಮುಚ್ಚಿ ಅಗಳಿ ಹಾಕುತ್ತ ಬಂದಿದ್ದೆ. ಹಸುಗಳು ನೀರಿನ ತೊಟ್ಟಿಗೆ ಹೋಗಲೆಂದು ತೆರೆದಿಟ್ಟ ಗೇಟುಗಳವು. ಮುದುಕ ದಿನವೂ ನನ್ನ ಹಿಂದೆ ಬಂದು ಅವನ್ನು ಮತ್ತೆ ತೆರೆದಿಡುತ್ತಿದ್ದ. ಒಂದು ದಿನವೂ ನನಗೆ ಏನೂ ಅನ್ನಲಿಲ್ಲ, ಗುಡ್ ಮಾರ್ನಿಂಗ್ ಬಿಟ್ಟು. ನನಗೆ ನಾಚಿಕೆಯಾಯಿತು. ಆದರೂ, ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಅನುಮಾನ ಉಳಿದೇ ಇತ್ತು.

ಆ ದಾರಿಗಳಲ್ಲಿ ನನಗೆ ಕಷ್ಟವಾಗಿದ್ದು ಒಂದೇ, ಹೂವು. ಬೇಲಿಯುದ್ದಕ್ಕೂ ಕಾಡುಗುಲಾಬಿ, ಬಿಳಿ ಗೊಂಚಲು, ಹೆಸರು ಗೊತ್ತಿಲ್ಲದ ನೇರಳೆ ಹೂಗಳು. ಎರಡನೆಯ ದಿನವೇ ಕೈ ಚಾಚಿದ್ದೆ. ತಂಗಿ ಮಣಿಕಟ್ಟು ಹಿಡಿದುಕೊಂಡಳು.

"ಅಕ್ಕ, ಇಲ್ಲಿ ಯಾರ ಹೊಲ್ದಲ್ಲಿ ಬೇಕಾದ್ರೂ ನಡಿ. ಆದ್ರೆ ಯಾರ ಹೂವೂ ಮುಟ್ಬೇಡ."

ನಾವು ಬೆಳೆದ ಮೈಸೂರಿನ ಬೀದಿಯಲ್ಲಿ ಇದು ತಿರುಗಾಮುರುಗ. ಇನ್ನೊಬ್ಬರ ಕಾಂಪೌಂಡಿನೊಳಗೆ ಕಾಲಿಟ್ಟರೆ ಜಗಳವೇ ಆದೀತು, ಆದರೆ ಕಾಂಪೌಂಡಿನಿಂದ ಆಚೆ ಬಾಗಿದ ಹೂವು ದೇವರದ್ದು. ಬೆಳಿಗ್ಗೆ ವಾಕಿಂಗ್ ಹೊರಟವರ ಕೈಯಲ್ಲಿ ಒಂದು ಚೀಲವೋ ಬುಟ್ಟಿಯೋ ಇರುತ್ತಿತ್ತು. ಮನೆಯೊಡತಿ ಏಳುವುದರೊಳಗೆ ಅವರ ದಾಸವಾಳ ನಮ್ಮ ದೇವರ ಮೇಲಿರುತ್ತಿತ್ತು, ನಮ್ಮ ಕಣಗಿಲೆ ಇನ್ನಾರದೋ ದೇವರ ಮೇಲೆ. ಅಮ್ಮ ಗೊಣಗುತ್ತಲೇ ತಾನೂ ಚೀಲ ಹಿಡಿದು ಹೊರಡುತ್ತಿದ್ದಳು. ಅದನ್ನು ಕಳ್ಳತನ ಎಂದು ಯಾರೂ ಕರೆದದ್ದು ನನಗೆ ನೆನಪಿಲ್ಲ. ಹಾಗಾಗಿ ಆ ಒಂದು ತಿಂಗಳು ತಂಗಿಯ ಮನೆಯ ದೇವರಿಗೆ ಅಂಗಡಿಯ ಹೂವು ಇಟ್ಟು ಕೈಮುಗಿದಾಗಲೆಲ್ಲ ಪೂಜೆ ಅರ್ಧವಾದಂತೆ ಅನ್ನಿಸುತ್ತಿತ್ತು. ಹೊರಡುವ ದಿನ ತಂಗಿ ನಾನು ವಾಕಿಂಗಿಗೆ ಹಿಡಿಯುತ್ತಿದ್ದ ಛತ್ರಿಯನ್ನೇ ಕೊಟ್ಟು ಕಳಿಸಿದಳು. ಉದ್ದನೆಯ ಕಪ್ಪು ಛತ್ರಿ, ಬಾಗಿದ ಮರದ ಹಿಡಿ.

ನೈರೋಬಿಗೆ ಬಂದ ಮೇಲೂ ಕಾಲು ಸುಮ್ಮನಿರಲಿಲ್ಲ. ಇಲ್ಲಿ ಸುಮ್ಮನೆ ನಡೆಯುವುದು ಸುಲಭವಲ್ಲ. ಬೆಳಿಗ್ಗೆ ರಸ್ತೆಯಲ್ಲಿ ನಡೆಯುವವರೆಲ್ಲ ಕೆಲಸಕ್ಕೆ ಹೋಗುವವರು, ಮಟಾಟುವಿಗೆ, ಅಂದರೆ ಬಾಡಿಗೆಯ ವ್ಯಾನಿಗೆ, ಕೊಡುವುದನ್ನು ಉಳಿಸಿಕೊಳ್ಳುವವರು. ಮನೆಯಲ್ಲಿ ಕಾರಿಟ್ಟುಕೊಂಡು, ಸೀರೆಯ ಮೇಲೆ ಸ್ವೆಟರ್ ಹಾಕಿ, ಎಲ್ಲಿಗೂ ಅಲ್ಲದೆ ಹೋಗುವ ಹೆಂಗಸನ್ನು ಕಂಡರೆ ಮಟಾಟುವಿನವರು ನಿಧಾನ ಮಾಡಿ ಕೇಳುತ್ತಾರೆ, ಏನಾದರೂ ತೊಂದರೆಯಾಗಿದೆಯೇ ಎಂದು. ಅದಕ್ಕೆ ದೊಡ್ಡ ರಸ್ತೆ ಬಿಟ್ಟು ನಮ್ಮ ಲಂಗಾಟಾದ ಒಳಬೀದಿಗಳನ್ನೇ ಹಿಡಿದೆ. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಎತ್ತರದ ಹಸಿರು ಬೇಲಿ, ಕೊನೆಯ ಮನೆ ದಾಟಿದರೆ ಕಾಡಿನ ತಂತಿಬೇಲಿ, ಅದರಾಚೆ ಬಾಲ ಎತ್ತಿಕೊಂಡು ಓಡುವ ಕಾಡುಹಂದಿಗಳು. ಬೆಳಗಿನ ಆರೂಕಾಲರ ಮಬ್ಬಿನಲ್ಲಿ ಕಣ್ಣು ಅರ್ಧ ಮುಚ್ಚಿದರೆ ಅದೂ ಒಂದು ಹಳ್ಳಿಯೇ.

ಬೀದಿಯ ಬಾಯಲ್ಲಿ ಒಂದು ಅಡ್ಡಗಂಬ, ಅದರ ಪಕ್ಕ ತಗಡಿನ ಗೂಡು, ಅದರಲ್ಲಿ ಅಸ್ಕಾರಿ. ನಮ್ಮ ನಿವಾಸಿಗಳ ಸಂಘದವರು ಒಂದು ಕಾವಲು ಏಜೆನ್ಸಿಯಿಂದ ಕರೆಸಿದವನು. ನಡುವಯಸ್ಸಿನ ಎತ್ತರದ ಆಳು, ಹಸಿರು ಸ್ವೆಟರು, ಕೈಯಲ್ಲಿ ದೊಡ್ಡ ಟಾರ್ಚು. ನಾನು ಬರುವುದು ಕಂಡೊಡನೆ ಕಂಬ ಎತ್ತಿ "ಹಬಾರಿ, ಮಾಮಾ" ಎಂದು ಕ್ಷೇಮ ವಿಚಾರಿಸುತ್ತಿದ್ದ. ಇಲ್ಲಿ ತಾಯಿಯ ವಯಸ್ಸಿನವರನ್ನೂ ಯಜಮಾನಿಯರನ್ನೂ ಮಾಮಾ ಎಂದೇ ಕರೆಯುವುದು. ನಾನು "ಸವಾ", ಎಲ್ಲ ಸರಿ, ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಹಿಂತಿರುಗಿ ಬರುವಾಗ ಅವನು ನನ್ನ ಚೀಲದ ಕಡೆ ಒಮ್ಮೆ ನೋಡಿ ನಗುತ್ತಿದ್ದ. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ನನ್ನ ಚೀಲ ಕಂಡರೆ ಇವನಿಗೇನು ಖುಷಿ ಎಂದು ಮನೆ ಮುಟ್ಟುವ ತನಕ ಯೋಚಿಸುತ್ತಿದ್ದೆ.

ಚೀಲದಲ್ಲಿ ಹೂವಿರುತ್ತಿತ್ತು. ಇಂಗ್ಲೆಂಡಿನಲ್ಲಿ ತಿಂಗಳಿಡೀ ತಡೆದಿಟ್ಟ ಕೈ ಇಲ್ಲಿ ಬಂದು ಸಡಿಲವಾಗಿತ್ತು. ಆಚೆ ಬಾಗಿದ್ದನ್ನು ಮಾತ್ರ ಕೀಳುತ್ತಿದ್ದೆ, ಗೇಟಿನೊಳಗೆ ಎಂದೂ ಕೈ ಹಾಕಿದವಳಲ್ಲ. ಎತ್ತರದ ಟೊಂಗೆಗೆ ಛತ್ರಿಯ ಹಿಡಿ ಸಿಕ್ಕಿಸಿ ಎಳೆದರೆ ತಾನಾಗಿ ಬಗ್ಗುತ್ತಿತ್ತು. ವಾರಕ್ಕೆ ತಕ್ಕ ಬಣ್ಣ, ಅಮ್ಮ ಮಾಡುತ್ತಿದ್ದ ಹಾಗೆ: ಸೋಮವಾರ ಶಿವನಿಗೆ ಬಿಳಿ ಕಣಗಿಲೆ, ಮಂಗಳವಾರ ಮತ್ತು ಶುಕ್ರವಾರ ಅಮ್ಮನವರಿಗೆ ಕೆಂಪು ದಾಸವಾಳ, ಗುರುವಾರ ರಾಯರಿಗೆ ಹಳದಿ ಗಂಟೆಯಂಥ ಹೂವು, ಶನಿವಾರ ನೀಲಿ. ಬುಧವಾರ ನಮ್ಮ ಕುಂಡದ ತುಳಸಿಯೇ ಸಾಕು. ಭಾನುವಾರ ಗಂಡನಿಗೆ ರಜೆ, ವಾಕಿಂಗೂ ಇಲ್ಲ. ಆ ಮನೆಗಳು ನನಗೆ ಗೊತ್ತಿದ್ದುದು ಹೂವಿನಿಂದ: ಬಿಳಿ ಕಣಗಿಲೆಯವರು, ನೀಲಿ ಬೇಲಿಯವರು. ಅವರ ಮನೆಯ ನಂಬರಾಗಲಿ, ಒಳಗಿರುವವರ ಮುಖವಾಗಲಿ ನನಗೆ ಗೊತ್ತಿರಲಿಲ್ಲ. ಅಷ್ಟೆತ್ತರದ ಗೋಡೆಗಳ ಬೀದಿಯಲ್ಲಿ ಯಾರಿಗೂ ಯಾರ ಮುಖವೂ ಗೊತ್ತಿರುವುದಿಲ್ಲ. ನಮ್ಮ ಮಾತುಕತೆಯೆಲ್ಲ ಬೀದಿಯ ವಾಟ್ಸಾಪ್ ಗುಂಪಿನಲ್ಲಿ.

ಎರಡು ತಿಂಗಳಾಗಿರಬೇಕು. ಪಕ್ಕದ ಬೀದಿಯಲ್ಲಿ ಒಂದೇ ವಾರದಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದರು. ಅದಾದ ಮೂರನೆಯ ದಿನ ಗುಂಪಿನಲ್ಲಿ ಒಂದು ಸಂದೇಶ: ನಾಲ್ಕನೆಯ ನಂಬರಿನ ಮನೆಯ ಗೇಟಿನ ಪಕ್ಕ ಒಂದು ಟೊಂಗೆಯನ್ನು ಯಾರೋ ಬಗ್ಗಿಸಿ, ಮುರಿದು, ನೇತಾಡುವಂತೆ ಬಿಟ್ಟಿದ್ದಾರೆ, ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದೆಯೇ? ಸಂಜೆಯೊಳಗೆ ಏಳು, ಒಂಬತ್ತು, ಹನ್ನೆರಡು, ಹದಿನೈದು, ಎಲ್ಲರೂ ನಮ್ಮಲ್ಲೂ, ನಮ್ಮಲ್ಲೂ ಎಂದರು. ನುಗ್ಗಬೇಕಾದ ಮನೆಗಳಿಗೆ ಕಳ್ಳರು ಗುರುತು ಹಾಕಿ ಹೋಗುತ್ತಾರಂತೆ ಎಂದು ಒಬ್ಬರು ಬರೆದರು. ನನಗೂ ಭಯವಾಯಿತು. ಜೊತೆಗೆ ಸುಳ್ಳೇಕೆ, ಉತ್ಸಾಹವೂ ಬಂತು. ಎಷ್ಟೋ ದಿನದ ಮೇಲೆ ನನ್ನ ಡಿಪಾರ್ಟ್‌ಮೆಂಟಿಗೆ ಕೆಲಸ ಬಂದಿತ್ತು.

ಯಾವ ದಿನ ಯಾವ ಮನೆ ಎಂದು ನಾನೇ ಎಲ್ಲರನ್ನೂ ಕೇಳಿ ಬರೆದುಕೊಂಡೆ. ಚೌಕುಳಿ ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕ ಮಾಡಿದೆ. ಸೋಮವಾರ ನಾಲ್ಕು. ಮಂಗಳವಾರ, ಶುಕ್ರವಾರ ಏಳು ಮತ್ತು ಒಂಬತ್ತು. ಗುರುವಾರ ಹನ್ನೆರಡು. ಶನಿವಾರ ಹದಿನೈದು. ಬುಧವಾರ, ಭಾನುವಾರ ಖಾಲಿ. ಈಗ ಓದುವವರಿಗೆ ಎಲ್ಲ ತಿಳಿದುಹೋಗಿರುತ್ತದೆ. ನನಗೆ ತಿಳಿಯಲಿಲ್ಲ. ಅಂಕಿಗಳ ನಡುವಿನ ವ್ಯತ್ಯಾಸ ತೆಗೆದೆ, ಕೂಡಿದೆ, ಕಳೆದೆ, ಅವಿಭಾಜ್ಯ ಸಂಖ್ಯೆಗಳೇ ಎಂದು ನೋಡಿದೆ. ನಾನು ಮಾಡುತ್ತಿದ್ದುದು ಪೂಜೆ, ಅವರು ಹೇಳುತ್ತಿದ್ದುದು ಮುರಿದ ಟೊಂಗೆ. ಎರಡೂ ಒಂದೇ ಬೇಲಿಯಲ್ಲಿರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎಲ್ಲರನ್ನೂ ಅನುಮಾನಿಸುವವಳು ಪಟ್ಟಿಯಲ್ಲಿ ತನ್ನೊಬ್ಬಳ ಹೆಸರು ಬಿಟ್ಟಿದ್ದೆ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಖಾಲಿ ದಿನಗಳ ಕಡೆ ಗಮನ ಹೋಯಿತು. ಸಂಘದ ಅಧ್ಯಕ್ಷೆಗೆ ಫೋನು ಮಾಡಿ ಅಸ್ಕಾರಿಯ ಕೆಲಸದ ದಿನಗಳನ್ನು ಕೇಳಿದೆ. ಭಾನುವಾರ ಅವನಿಗೆ ರಜೆ. ಬುಧವಾರ ಅವನು ಹಿಂದಿನ ಬೀದಿಯ ಗೇಟಿನಲ್ಲಿರುತ್ತಾನೆ, ನಮ್ಮಲ್ಲಿ ಬೇರೆಯವರು. ಕೋಷ್ಟಕದ ಜೊತೆ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಇದರ ಮೇಲೆ ನನಗೆ ಇನ್ನೊಂದು ನೆನಪಾಯಿತು. ಒಂದು ದಿನ ಬೆಳಿಗ್ಗೆ ವಾಕಿಂಗಿನಿಂದ ಬಂದು ಹಾಲು ತರಲು ಮತ್ತೆ ಹೊರಗೆ ಹೋದಾಗ ಅವನು ಯಾರದೋ ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮುರಿದ ಕಡ್ಡಿಗಳನ್ನು ಗೋಣಿಗೆ ತುಂಬುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, ಎಂದಿನಂತೆ ನಕ್ಕಿದ್ದ.

ಅಷ್ಟರಲ್ಲಿ ಸಂಘದವರೂ ಅವನನ್ನು ವಿಚಾರಿಸಿದ್ದರು. ಯಾರನ್ನೂ ನೋಡಲಿಲ್ಲ ಎಂದನಂತೆ. ನಾನು ಕೋಷ್ಟಕದ ಚಿತ್ರ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: ಒಂದೋ ಆತನೇ ಮಾಡುತ್ತಿದ್ದಾನೆ, ಇಲ್ಲವೇ ಮಾಡುವವರನ್ನು ನೋಡಿಯೂ ಬಚ್ಚಿಡುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಅವನನ್ನು ನಂಬುವಂತಿಲ್ಲ. ಎಲ್ಲರೂ ಹೊಗಳಿದರು. ನಿಮ್ಮಂಥ ಟೀಚರ್ ನಮಗೂ ಇರಬೇಕಿತ್ತು ಎಂದು ಒಬ್ಬರು ಬರೆದರು. ಆ ಸಾಲನ್ನು ಗಂಡನಿಗೆ ಓದಿ ಹೇಳಿದ್ದೇನೆ.

ಎರಡೇ ದಿನದಲ್ಲಿ ಏಜೆನ್ಸಿಯವರು ಅವನನ್ನು ತೆಗೆದರು. ಅವನು ಹೋದ ದಿನ ನಾನು ಕಾರಿನಲ್ಲಿ ತರಕಾರಿಗೆ ಹೊರಟಿದ್ದೆ. ಗೂಡಿನ ಹೊರಗೆ ಒಂದು ಸಣ್ಣ ಬ್ಯಾಗು ಇಟ್ಟುಕೊಂಡು ನಿಂತಿದ್ದ. ಕಂಬ ಎತ್ತುವ ಕೆಲಸ ಆಗಲೇ ಇನ್ನೊಬ್ಬರದಾಗಿತ್ತು. ನನ್ನ ಕಾರು ಕಂಡು ಎಂದಿನ ಅಭ್ಯಾಸದಲ್ಲಿ ಕೈ ಎತ್ತಿದ. ನಾನು ಫೋನು ನೋಡುವವಳಂತೆ ತಲೆ ತಗ್ಗಿಸಿದೆ.

ಮುಂದಿನ ಗುರುವಾರ. ಬೆಳಿಗ್ಗೆ ವಾಕಿಂಗ್ ಮುಗಿಸಿ, ಸ್ನಾನ ಮಾಡಿ, ದೇವರ ಮುಂದೆ ಕೂತಿದ್ದೆ. ತಟ್ಟೆಯಲ್ಲಿ ಹಳದಿ ಹೂವು. ಒಂದು ಹೂವೆತ್ತಿ ರಾಯರ ಪಟದ ಮೇಲಿಡುವಾಗ ಪಕ್ಕದಲ್ಲಿದ್ದ ಫೋನು ಟಿಂಗ್ ಎಂದಿತು. ಪೂಜೆಯ ನಡುವೆ ಫೋನು ನೋಡಬಾರದು, ಆದರೆ ನನ್ನ ಸ್ವಭಾವ ಗೊತ್ತಲ್ಲ, ನೋಡಿದೆ. ಹನ್ನೆರಡನೆಯ ನಂಬರಿನವರು ಬರೆದಿದ್ದರು: ಇವತ್ತೂ ಆಗಿದೆ, ಹೊಸ ಅಸ್ಕಾರಿ ಇದ್ದಾಗಲೂ. ಅಲ್ಲಿಯತನಕ ಎಲ್ಲರೂ ನಂಬರು ಮಾತ್ರ ಬರೆಯುತ್ತಿದ್ದರು. ಈ ಸಲ ಅವರು ಚಿತ್ರವನ್ನೂ ಹಾಕಿದ್ದರು. ಮುರಿದು ಜೋತುಬಿದ್ದ ಟೊಂಗೆ. ಅದರ ತುದಿಯಲ್ಲಿ ನಾನು ಕೀಳದೆ ಬಿಟ್ಟ ಎರಡು ಹಳದಿ ಹೂವು.

ಕೈಯಲ್ಲಿದ್ದ ಹೂವನ್ನು ನೋಡಿದೆ. ಮತ್ತೆ ಚಿತ್ರ ನೋಡಿದೆ. ಗಣಿತದಲ್ಲಿ ಒಂದು ಸಿದ್ಧಾಂತವನ್ನು ಕೆಡವಲು ಅದಕ್ಕೆ ಹೊಂದದ ಒಂದೇ ಒಂದು ಉದಾಹರಣೆ ಸಾಕು ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಹೇಳಿದವಳು ನಾನು. ಅಸ್ಕಾರಿ ಇಲ್ಲ, ಟೊಂಗೆ ಮುರಿದಿದೆ. ಎದ್ದು ಹೋಗಿ ಮೂಲೆಯಲ್ಲಿದ್ದ ಛತ್ರಿ ತೆಗೆದೆ. ಹಿಡಿಯ ಒಳಮಗ್ಗುಲಲ್ಲಿ ಒಣಗಿದ ಸೊನೆ ಕರೆಗಟ್ಟಿತ್ತು, ತೊಗಟೆಯ ಸಿಪ್ಪೆ ಅಂಟಿತ್ತು. ಆ ಮಬ್ಬಿನಲ್ಲಿ ಎಳೆದು, ಕಿತ್ತು, ಬಿಟ್ಟುಬಿಡುತ್ತಿದ್ದೆನಲ್ಲ, ಬಿಟ್ಟ ಮೇಲೆ ಟೊಂಗೆ ಏನಾಯಿತೆಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಅವನು ಗೋಣಿಗೆ ತುಂಬುತ್ತಿದ್ದುದು ನಾನು ಮುರಿದದ್ದನ್ನೇ. ಕಂದು ನಾಯಿಯ ಮುದುಕನ ನೆನಪಾಯಿತು. ಪೂಜೆ ಮುಗಿಸಲಿಲ್ಲ. ದೀಪ ತಾನಾಗಿ ಆರುವ ತನಕ ಅಲ್ಲೇ ಕೂತಿದ್ದೆ.

ಸಂಜೆ ಗಂಡ ಬಂದ ಮೇಲೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನಾಳೆಯಿಂದ ಹೂ ಕೀಳ್ಬೇಡ. ಗುರುತು ತಾನಾಗೇ ನಿಲ್ಲುತ್ತೆ. ಎಲ್ರೂ ಮರೀತಾರೆ."

"ಆ ಮನುಷ್ಯನ ಕೆಲ್ಸ ಹೋಯ್ತಲ್ಲ ರೀ."

"ಏಜೆನ್ಸಿಯವ್ರು ಬೇರೆ ಕಡೆ ಹಾಕಿರ್ತಾರೆ. ನೀನೀಗ ಹೋಗಿ ನಾನೇ ಮಾಡಿದ್ದು ಅಂದ್ರೆ ಏನಾಗುತ್ತೆ ಯೋಚ್ನೆ ಮಾಡು. ಅಷ್ಟು ದೊಡ್ಡ ಟೇಬಲ್ ಹಾಕಿ ಅವ್ನನ್ನ ಹಿಡ್ಕೊಟ್ಟೋಳೂ ನೀನೇ, ಹೂ ಕದ್ದೋಳೂ ನೀನೇ. ತಲೆ ಎತ್ಕೊಂಡು ಓಡಾಡಕ್ಕಾಗುತ್ತಾ ಈ ಬೀದೀಲಿ?"

ಕದ್ದೋಳು ಎಂಬ ಮಾತು ಅವರ ಬಾಯಿಂದ ಬಂದದ್ದು ನನಗೆ ಉರಿಯಿತು. ಆದರೆ ಅವರ ಮಾತನ್ನು ಅಲ್ಲಗಳೆಯಲೂ ಆಗಲಿಲ್ಲ. ಶುಕ್ರವಾರ ಇಡೀ ದಿನ ನಾನು ಏನೂ ಬರೆಯಲಿಲ್ಲ. ಇದನ್ನು ಬಚ್ಚಿಟ್ಟು ಹೇಳುವುದಿಲ್ಲ, ನನಗೆ ಹೆದರಿಕೆಯಾಗಿತ್ತು. ಇಪ್ಪತ್ತೆಂಟು ವರ್ಷ ಈ ಊರಿನಲ್ಲಿ ಸಂಪಾದಿಸಿದ್ದ ಮರ್ಯಾದೆ ಒಂದು ಚೀಲ ಹೂವಿಗೆ ಹೋಗುತ್ತದೆಯಲ್ಲ ಎಂದು. ಶನಿವಾರ ಬೆಳಿಗ್ಗೆ, ಗಂಡ ಏಳುವ ಮೊದಲು, ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ವಾರದ ಬಣ್ಣ, ಛತ್ರಿಯ ಹಿಡಿ, ನಂಬರುಗಳು. ಅಸ್ಕಾರಿಯದು ಏನೂ ತಪ್ಪಿಲ್ಲ, ಅವನನ್ನು ವಾಪಸು ಕರೆಸಬೇಕು ಎಂದು ಕೊನೆಯಲ್ಲಿ ಬರೆದೆ. ಕಳಿಸಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಬೈಗುಳ ಬರುತ್ತದೆಂದು ಕಾದಿದ್ದೆ. ಬಂದದ್ದು ನಗುವ ಮುಖಗಳು. ಎಷ್ಟು ಮುದ್ದಾದ ಕತೆ ಎಂದು ಒಬ್ಬರು, ದೇವರಿಗೆ ತಾನೇ ಎಂದು ಇನ್ನೊಬ್ಬರು. ನಾಲ್ಕನೆಯ ನಂಬರಿನವರು, ಅಂದರೆ ನನ್ನ ಬಿಳಿ ಕಣಗಿಲೆಯವರು, ಇನ್ನು ಮೇಲೆ ಗೇಟಿನೊಳಗೇ ಬಂದು ಬೇಕಾದಷ್ಟು ಕಿತ್ತುಕೊಳ್ಳಿ ಎಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಗೇಟಿನ ಮುಂದೆ ಯಾರೋ ಒಂದು ಬುಟ್ಟಿ ದಾಸವಾಳ ಇಟ್ಟು ಹೋಗಿದ್ದರು. ಗಂಡ ಅದನ್ನು ಒಳಗೆ ತಂದು, "ನೋಡಿದ್ಯಾ, ಸುಮ್ನೆ ಹೆದರ್ಕೊಂಡಿದ್ವಿ" ಎಂದರು. ನನಗೆ ಸಮಾಧಾನವಾಗಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟರಲ್ಲ, ಯಾಕೆ? ಹಳೆಯ ಅಭ್ಯಾಸದ ಅನುಮಾನ. ಆದರೆ ಈ ಸಲ ಅದು ಸರಿಯಾಗಿತ್ತು. ಅಷ್ಟು ಜನ ಬರೆದಿದ್ದರಲ್ಲಿ ಒಬ್ಬರೂ ಅಸ್ಕಾರಿಯ ಸುದ್ದಿ ಎತ್ತಿರಲಿಲ್ಲ.

ನಾನೇ ಮತ್ತೆ ಕೇಳಿದೆ. ಸ್ವಲ್ಪ ಹೊತ್ತಿಗೆ ಅಧ್ಯಕ್ಷೆ ಫೋನು ಮಾಡಿದರು. ಬಹಳ ಮೃದುವಾಗಿ ಮಾತಾಡಿದರು. ಹೊಸಬರು ಬಂದು ಆಗಿದೆ, ಮತ್ತೆ ಬದಲಾಯಿಸುವುದು ಚೆನ್ನಾಗಿರುವುದಿಲ್ಲ ಎಂದರು. ಅವನು ಏನು ತಪ್ಪು ಮಾಡಿದ ಹೇಳಿ ಎಂದು ನಾನು ಸ್ವಲ್ಪ ದನಿಯೇರಿಸಿಯೇ ಕೇಳಿದೆ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ದಿನವೂ ನಿಮ್ಮನ್ನು ನೋಡಿದ್ದಾನೆ. ಆದರೂ ಯಾರನ್ನೂ ನೋಡಲಿಲ್ಲ ಎಂದ. ನೋಡಿಯೂ ಬಚ್ಚಿಡುವವನನ್ನು ನಂಬುವುದು ಹೇಗೆ? ನೀವೇ ಬರೆದಿದ್ದಿರಲ್ಲ."

ಕೀಳುವವಳು ನಾನಾದಾಗ ಮುದ್ದಾದ ಕತೆ. ಅದೇ ಟೊಂಗೆ ಅವನ ಲೆಕ್ಕಕ್ಕೆ ಹೋದಾಗ ಕಳ್ಳರ ಗುರುತು. ನನಗೆ ಅವರ ಮೇಲೆ ಸಿಟ್ಟು ಬಂತು, ಆದರೆ ಸಿಟ್ಟಾಗುವ ಹಕ್ಕು ನನಗೆಲ್ಲಿತ್ತು. ಅವರು ನನಗೆ ಒಪ್ಪಿಸಿದ್ದು ನನ್ನದೇ ವಾಕ್ಯ.

ಅವನದು ತಪ್ಪಿಲ್ಲವೆಂದು ಸಂಘದವರು ಏಜೆನ್ಸಿಗೆ ಪತ್ರ ಕೊಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಒಂದು ಬರೆದೆ. ತಪ್ಪು ನನ್ನದು, ಈತ ಪ್ರಾಮಾಣಿಕ, ನನ್ನ ತಪ್ಪು ಲೆಕ್ಕದಿಂದ ಈತನನ್ನು ತೆಗೆಯಲಾಯಿತು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದೆ. ಒಂದು ಪ್ರತಿ ಏಜೆನ್ಸಿಗೆ ಕೊಟ್ಟೆ. ಅಲ್ಲಿದ್ದವರು ಓದಿ, ಫೈಲಿಗೆ ಸೇರಿಸಿ, ಅವನೀಗ ಎಂಬಕಸಿಯಲ್ಲಿ ವಿಮಾನದ ಸರಕಿನ ಗೋದಾಮೊಂದರ ಗೇಟಿನಲ್ಲಿದ್ದಾನೆ ಎಂದರು. ಇನ್ನೊಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಅಲ್ಲಿಗೆ ಹೋದೆ. ಗಂಡ ಕಾರಿನಲ್ಲಿ ಬಿಡುತ್ತೇನೆಂದರು. ಬೇಡವೆಂದೆ. ಮಟಾಟುವಿನಲ್ಲಿ ಹೋದೆ, ಇಳಿದು ಲಾರಿಗಳ ನಡುವೆ ಧೂಳಿನಲ್ಲಿ ತುಂಬ ದೂರ ನಡೆದೆ. ಬೇಲಿಯಿಲ್ಲ, ಮರವಿಲ್ಲ, ತಗಡಿನ ಗೋಡೆ ಮಾತ್ರ.

ಅವನು ಅದೇ ಹಸಿರು ಸ್ವೆಟರಿನಲ್ಲಿದ್ದ. ನನ್ನನ್ನು ಗುರುತಿಸಿದ, ಆದರೆ ಕೈ ಎತ್ತಲಿಲ್ಲ. ಗೇಟು ಬಿಟ್ಟು ಬರುವಂತಿಲ್ಲ ಎಂದ. ನಾನು ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಿ, ಅವನ ಕುರ್ಚಿಯ ಪಕ್ಕ ನಿಂತು ಪತ್ರ ಕೊಟ್ಟೆ. ನಿಧಾನವಾಗಿ, ತುಟಿ ಆಡಿಸುತ್ತ, ಎರಡು ಸಲ ಓದಿದ.

"ನನ್ನನ್ನು ದಿನವೂ ನೋಡುತ್ತಿದ್ದೆಯಲ್ಲ," ಎಂದೆ ನನಗೆ ಬರುವಷ್ಟು ಸ್ವಾಹಿಲಿಯಲ್ಲಿ, "ಕೇಳಿದಾಗ ಯಾಕೆ ಹೇಳಲಿಲ್ಲ?"

"ಅವರು ಕೇಳಿದ್ದು ಕಳ್ಳರನ್ನು ನೋಡಿದೆಯಾ ಎಂದು. ನಾನು ನೋಡಿದ್ದು ನಿಮ್ಮನ್ನು, ಮಾಮಾ."

"ಆ ಕಡ್ಡಿಗಳನ್ನು ಯಾಕೆ ಆರಿಸುತ್ತಿದ್ದೆ?"

"ದಾರಿಯಲ್ಲಿ ಕಸ ಬಿದ್ದಿದ್ದರೆ ನನ್ನನ್ನೇ ಕೇಳುತ್ತಿದ್ದರು. ಕೈಗೆಟುಕಿದ್ದನ್ನು ತೆಗೆಯುತ್ತಿದ್ದೆ. ಮೇಲಿನದು ನನಗೆ ಎಟುಕುತ್ತಿರಲಿಲ್ಲ. ನನ್ನ ಹತ್ತಿರ ಛತ್ರಿ ಇರಲಿಲ್ಲ."

ಇದನ್ನು ಹೇಳುವಾಗ ಅವನು ನಗಲಿಲ್ಲ. ಮತ್ತೆ ಲಂಗಾಟಾಕ್ಕೆ ಬರುತ್ತೀಯಾ ಎಂದು ಕೇಳಿದೆ. ಅದು ಏಜೆನ್ಸಿಗೆ ಬಿಟ್ಟದ್ದು ಎಂದ. ಲಂಗಾಟಾದ ಗೂಡಿಗೆ ಅವನು ಮನೆಯಿಂದ ನಡೆದೇ ಬರುತ್ತಿದ್ದನಂತೆ, ಅರ್ಧ ಗಂಟೆ. ಈಗ ಎರಡು ಮಟಾಟು ಬದಲಾಯಿಸಿ ಬರಬೇಕು, ಕತ್ತಲಿರುವಾಗಲೇ ಹೊರಡಬೇಕು. ನಾನು ಕ್ಷಮಿಸು ಎಂದೆ. ಅವನು ಪತ್ರವನ್ನು ನಾಲ್ಕಾಗಿ ಮಡಚಿ ಸ್ವೆಟರಿನ ಒಳಜೇಬಿಗಿಟ್ಟು "ಅಸಾಂಟೆ" ಎಂದ. ಧನ್ಯವಾದ ಹೇಳಿದ್ದೋ ಮಾತು ಮುಗಿಸಿದ್ದೋ ತಿಳಿಯಲಿಲ್ಲ. ಇನ್ನು ನಿಂತು ಮಾಡುವುದೇನೂ ಇರಲಿಲ್ಲ. ಗೇಟಿನ ಕಡೆ ತಿರುಗಿದೆ.

"ಮಾಮಾ, ಚೀಲ."

ಹೊರಗೆ ಹೋಗುವವರ ಚೀಲವನ್ನೆಲ್ಲ ತೆಗೆದು ನೋಡಬೇಕೆಂದು ಗೋಡೆಯ ಮೇಲೆ ಬರೆದಿತ್ತು. ನಾನು ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ಅಗಲಿಸಿದೆ. ಅದೇ ಬಟ್ಟೆಯ ಚೀಲ. ಅವನು ಕನ್ನಡಕದ ಪೆಟ್ಟಿಗೆ ಎತ್ತಿ ಅದರ ಕೆಳಗೆ ನೋಡಿದ, ಕರವಸ್ತ್ರ ಬಿಡಿಸಿದ, ಟಾರ್ಚು ಹಾಕಿ ತಳದ ತನಕ ನೋಡಿದ. ಮೂಲೆಯಲ್ಲಿ ಒಣಗಿದ ಕೆಂಪು ಎಸಳೊಂದು ಅಂಟಿಕೊಂಡಿತ್ತು. ಟಾರ್ಚಿನ ಬೆಳಕು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಚೀಲ ಮುಚ್ಚಿ ನನ್ನ ಕಡೆ ತಳ್ಳಿ, "ಸವಾ, ಹೋಗಬಹುದು" ಎಂದ. ಲಂಗಾಟಾದಲ್ಲಿ ಅಷ್ಟು ದಿನ ಹೂವು ತುಂಬಿಕೊಂಡು ಅವನ ಮುಂದೆಯೇ ಹೋಗುತ್ತಿದ್ದಾಗ ಅವನು ಒಂದು ದಿನವೂ ನನ್ನ ಚೀಲ ತೆಗೆಸಿ ನೋಡಿರಲಿಲ್ಲ.